ಚಿತ್ರಕಥೆ ಸಿನಿಮಾಕ್ಕೆ ಹೋಯ್ತು, ಕಾಮಿಕ್ಸ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನ್ನ ಅಣ್ಣನ ಮಗಳು ಕಾಮಿಕ್ಸ್ ಮಾಡುತ್ತಾಳೆ. ಈಚೆಗೆ ಬೆಂಗಳೂರಿನ ಒಂದು 'ಇಂಡೀ ಕಾಮಿಕ್ಸ್ ಫೆಸ್ಟ್'ನಲ್ಲಿ, ಅಂದರೆ ತಾವೇ ಬರೆದು ತಾವೇ ಅಚ್ಚು ಹಾಕಿಸಿ ಮಾರುವವರ ಕೂಟದಲ್ಲಿ, ಮೇಜು ಹಾಕಿದ್ದಳು. ಹದಿನಾರು ಪುಟದ ಪುಸ್ತಕ. ಕತೆ ಅವಳದ್ದೇ, ಚಿತ್ರವೂ ಅವಳದ್ದೇ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ರಾತ್ರಿಯೆಲ್ಲ ಕೂತು ಮಡಚಿ, ಪಿನ್ ಹೊಡೆದದ್ದೂ ಅವಳೇ. ಬೋರ್ಡ್ ಕನ್ನಡದಲ್ಲಿರಲಿ ಅಂತ ನಾನು 'ಕನ್ನಡ ಚಿತ್ರಕಥೆ' ಎಂದು ಬರೆದುಕೊಟ್ಟೆ. ಹಿರಿಯರೊಬ್ಬರು ಬಂದು ಬೋರ್ಡ್ ಓದಿ, "ಯಾವ ಸಿನಿಮಾದ್ದಮ್ಮ ಇದು?" ಅಂದರು.

ಅವರದ್ದೇನೂ ತಪ್ಪಿಲ್ಲ. 'ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ' ಅಂತ ತೆರೆಯ ಮೇಲೆ ಓದಿ ಓದಿ, ಚಿತ್ರಕಥೆ ಎಂದರೆ ಸ್ಕ್ರೀನ್‌ಪ್ಲೇ ಅಂತಲೇ ಆಗಿಬಿಟ್ಟಿದೆ. ತಿರುಗಿಸಿ ಕಥಾಚಿತ್ರ ಎಂದರೂ ಮತ್ತೆ ಸಿನಿಮಾನೇ!

ಆದರೂ ಈ ಪದವನ್ನು ಸುಮ್ನೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. 'ಅಮರ ಚಿತ್ರಕಥೆ' ಕಾಮಿಕ್ಸ್ ಮಾಲೆ ಶುರುವಾದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. 1965ರಲ್ಲಿ, ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ. ಸಿಂಡರೆಲ್ಲಾ ಥರದ ಹೊರಗಿನ ಕತೆಗಳೇ ಮೊದಲ ಹತ್ತು ಪುಸ್ತಕಗಳು. ಅದಕ್ಕೇ ಇಂಗ್ಲಿಷಿನಲ್ಲಿ ಮೊದಲು ಬಂದ 'ಕೃಷ್ಣ' ಪುಸ್ತಕದ ಸಂಖ್ಯೆ ಆಗ 11 ಆಗಿತ್ತು. ಇಷ್ಟು ಹಳೆಯ ನಂಟಿರುವ ಪದ ಕಾಮಿಕ್ಸ್‌ನವರ ಕೈತಪ್ಪಿದ್ದು ಬೇಜಾರಿನ ಸಂಗತಿ.

ವ್ಯಂಗ್ಯಚಿತ್ರ ಅನ್ನಬಹುದಲ್ವಾ ಎಂದು ಕೆಲವರು ಕೇಳಿದರು. 'ಕೊರವಂಜಿ' ಹಾಸ್ಯ ಪತ್ರಿಕೆಯ ಕಾಲದಿಂದ ಆ ಪದಕ್ಕೆ ಒಳ್ಳೆಯ ಬಾಳಿಕೆಯಿದೆ, ನಿಜ. ಆದರೆ ನಮ್ಮ ಹುಡುಗಿಯ ಪುಸ್ತಕದಲ್ಲಿ ವ್ಯಂಗ್ಯ ಎಲ್ಲಿದೆ? ಮರೆವಿನ ಕಾಯಿಲೆ ಬಂದ ಅಜ್ಜಿ ಮೊಮ್ಮಗಳನ್ನು ಕರೆಯಲು ಬಾಯಿ ತೆರೆಯುತ್ತಾರೆ. ಪಕ್ಕದಲ್ಲಿ ಮಾತಿನ ಗುಳ್ಳೆ, ಅದರೊಳಗೆ ಏನೂ ಇಲ್ಲ. ಹೆಸರು ನೆನಪಾಗಿಲ್ಲ. ಇದನ್ನು ವ್ಯಂಗ್ಯಚಿತ್ರ ಎನ್ನಲು ನನಗೆ ಬಾಯಿ ಬರುವುದಿಲ್ಲ.

'ಇಂಡೀ' ಎನ್ನುವುದಕ್ಕೆ 'ಸ್ವತಂತ್ರ' ಅಂತ ಹಾಕುತ್ತಾರೆ. ಯಾರ ಹಂಗಿಲ್ಲ ಅನ್ನುವುದು ಅದರಲ್ಲಿ ಬರುತ್ತದೆ. ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಮಾರುವ ದುಡಿಮೆ ಬರುವುದಿಲ್ಲ. ಕೈಮಗ್ಗ, ಕೈತೋಟ ಇದ್ದ ಹಾಗೆ 'ಕೈಕಾಮಿಕ್ಸ್' ಎಂದರೆ ಒಪ್ಪುತ್ತದೆಯೇ? ಜಪಾನಿನವರು ಇಂಥ ಪುಸ್ತಕಕ್ಕೆ 'ದೋಜಿನ್‌ಶಿ' ಅನ್ನುತ್ತಾರೆ. ದೋಜಿನ್ ಎಂದರೆ ಒಂದೇ ಆಸಕ್ತಿಯವರು, ಶಿ ಎಂದರೆ ಪತ್ರಿಕೆ. ಹೆಸರಿನಲ್ಲೇ ಗೆಳೆತನವಿದೆ. ಟೋಕಿಯೋದಲ್ಲಿ ದೋಜಿನ್‌ಶಿ ಮಾರುವ ಮೇಳ 'ಕೊಮಿಕೆಟ್' 1975ರ ಡಿಸೆಂಬರ್‌ನಲ್ಲಿ 32 ಗುಂಪುಗಳಿಂದ ಶುರುವಾಯಿತು. ಬಂದವರು ಸುಮಾರು 700 ಜನ. ಇವತ್ತು ಅಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆದರೂ ಗಿರಾಕಿ ಅನ್ನುವ ಮಾತಿಲ್ಲ. ಮಾರುವವರೂ ಕೊಳ್ಳುವವರೂ ಎಲ್ಲರೂ 'ಪಾಲ್ಗೊಳ್ಳುವವರು'.

ಇನ್ನು 'ಫೆಸ್ಟ್'. ಹಬ್ಬ, ಉತ್ಸವ, ಮೇಳ ಎಲ್ಲ ಇದ್ದದ್ದೇ. ನನಗೆ ಹಿಡಿಸುವುದು ಸಂತೆ. ಬೆಳೆದವರೇ ತಂದು, ಹರಡಿಕೊಂಡು ಕೂತು ಮಾರುವ ಜಾಗ. ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಕಲಾ ಪರಿಷತ್ತಿನ 'ಚಿತ್ರಸಂತೆ' ಎಷ್ಟು ಚೆನ್ನಾಗಿ ಜನರ ನಾಲಿಗೆಗೆ ಹತ್ತಿದೆ ನೋಡಿ. ಹಾಗೆಯೇ 'ಕಾಮಿಕ್ಸ್ ಸಂತೆ' ಎಂದರೆ ಸಾಕು ಅಂತ ನನಗನ್ನಿಸುತ್ತದೆ. ಆದರೆ ಕಾಮಿಕ್ಸ್ ಎಂಬುದನ್ನೇ ಉಳಿಸಿಕೊಳ್ಳಬೇಕೇ?

ಮಕ್ಕಳ ಪತ್ರಿಕೆ 'ಬಾಲಮಂಗಳ'ದಲ್ಲಿ ಡಿಂಗನ ಕಾಮಿಕ್ಸ್ ಓದಿ ಬೆಳೆದವರು ಇಲ್ಲಿ ಜಾಸ್ತಿ ಇದ್ದೀರಿ. ಮನೆಯಲ್ಲಿ ಅದನ್ನು ಏನಂತ ಕರೆಯುತ್ತಿದ್ದಿರಿ? ನಮ್ಮಜ್ಜಿ 'ಬೊಂಬೆ ಪುಸ್ತಕ' ಅನ್ನುತ್ತಿದ್ದರು. ನಿಮ್ಮ ಕಡೆ ಬೇರೆ ಮಾತಿದ್ದರೆ ಊರಿನ ಹೆಸರಿನ ಜೊತೆ ತಿಳಿಸಿ. ಆ ಹಳೆಯ ಬೋರ್ಡನ್ನು ಅವಳು ಇನ್ನೂ ಬದಲಾಯಿಸಿಲ್ಲ, ಕಾಯುತ್ತಿದ್ದಾಳೆ.