ಎಟಿಸಿ ರೇಡಿಯೋ ಕೈಕೊಟ್ಟರೆ ಏನು ಗತಿ ಸರ್?

ಪ್ರಶ್ನೆ (ಜಕ್ಕೂರಿನಿಂದ): ಸರ್, ನೀವು ಏರ್‌ಪೋರ್ಟಿನಲ್ಲಿ ರೇಡಿಯೋ ಉಪಕರಣ ನೋಡಿಕೊಳ್ಳುತ್ತಿದ್ದವರು ಅಂತ ಗ್ರೂಪಿನಲ್ಲಿ ಯಾರೋ ಹೇಳಿದರು. ನನ್ನ ಮಗಳು ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಪರೀಕ್ಷೆಗೆ ಓದುತ್ತಿದ್ದಾಳೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಅರ್ಕ್ ಏರ್‌ಪೋರ್ಟಿನ ವಿಮಾನಗಳನ್ನು ನೋಡಿಕೊಳ್ಳುವವರಿಗೆ ಒಂದೂವರೆ ನಿಮಿಷ ರಾಡಾರೂ ಇಲ್ಲ, ರೇಡಿಯೋನೂ ಇಲ್ಲ ಅಂತಾಗಿತ್ತಲ್ಲ, ಅದನ್ನು ಓದಿ ಭಯವಾಗಿದೆ. ಮೊಬೈಲ್‌ನಲ್ಲಿ 5ಜಿ ಬಂದರೂ ಇವರು ಇನ್ನೂ ಆ ಕರಕರ ರೇಡಿಯೋನೇ ಯಾಕೆ ಹಿಡಿದುಕೊಂಡಿದ್ದಾರೆ?

ಉತ್ತರ: ಕರಕರ ಅನ್ನೋದಕ್ಕೆ ಕಾರಣ ಇದೆ ಮೇಡಂ. ವಿಮಾನದವರು ಮಾತಾಡೋ ರೇಡಿಯೋ ಪಟ್ಟಿ, ಅಂದರೆ ವಿಎಚ್‌ಎಫ್, 118ರಿಂದ 137 ಮೆಗಾಹರ್ಟ್ಸ್‌ವರೆಗೆ, ಅದೂ ಎಫ್‌ಎಂ ಅಲ್ಲ, ಹಳೇ ಮೀಡಿಯಂ ವೇವ್ ರೇಡಿಯೋ ಥರದ ಎಎಂ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾಗಿರುವವನದ್ದು ಮಾತ್ರ ಕೇಳುತ್ತೆ, ಇನ್ನೊಬ್ಬ ಮಾತಾಡಿದ್ದೇ ಗೊತ್ತಾಗೋಲ್ಲ. ಎಎಂನಲ್ಲಿ ಕೀಂಯ್ ಅಂತ ಸದ್ದು ಬರುತ್ತೆ. ಇಬ್ಬರು ಒಟ್ಟಿಗೆ ಮಾತಾಡೋ ಬಟನ್ ಒತ್ತಿದ್ದಾರೆ ಅಂತಾದರೂ ತಿಳಿಯುತ್ತೆ. ಆದರೆ ಅದೂ ಸಾಲದು. 1977ರಲ್ಲಿ ಸ್ಪೇನಿನ ಟೆನೆರೀಫ್ ದ್ವೀಪದ ಏರ್‌ಪೋರ್ಟಿನಲ್ಲಿ ಟವರ್ ಮತ್ತು ಪ್ಯಾನ್ ಆಮ್ ವಿಮಾನದ ಪೈಲಟ್ ಒಂದೇ ಹೊತ್ತಿಗೆ ಮಾತಾಡಿದರು, ಕೆಎಲ್‌ಎಂ ವಿಮಾನದ ಕಾಕ್‌ಪಿಟ್‌ನಲ್ಲಿ ಬರೀ ಕೀಚಲು ಸದ್ದು ಬಂತು, ಮುಖ್ಯವಾದ ಮಾತು ಅದರಲ್ಲೇ ಮುಳುಗಿತು. ರನ್‌ವೇ ಮೇಲೆ ಆ ಎರಡು ವಿಮಾನ ಡಿಕ್ಕಿಯಾಗಿ 583 ಜನ ಹೋದರು. ಬೇರೆ ಕಾರಣಗಳೂ ಇದ್ದವು, ಇದೂ ಒಂದು.

ಪ್ರಶ್ನೆ (ಯಲಹಂಕದಿಂದ ಇನ್ನೊಬ್ಬರು): ಸ್ಟ್ಯಾಂಡ್‌ಬೈ ಇರುತ್ತಲ್ವಾ ಸರ್? ಒಂದು ಹೋದರೆ ಇನ್ನೊಂದು.

ಉತ್ತರ: ಇರುತ್ತೆ. ಪೂರ್ತಿ ಸತ್ತ ಸೆಟ್ಟಿನ ಬಗ್ಗೆ ನಮಗೆ ಯಾವತ್ತೂ ಚಿಂತೆ ಇರಲಿಲ್ಲ. ತಲೆನೋವು ಅರ್ಧಂಬರ್ಧ ಕೆಲಸ ಮಾಡೋ ಸೆಟ್ಟು. ಒಬ್ಬ ಪೈಲಟ್ 'ರೀಡಬಿಲಿಟಿ ಫೈವ್' (ಮಾತು ಸ್ಪಷ್ಟ) ಅಂತಾನೆ, ಅದೇ ಹೊತ್ತಿಗೆ ಇನ್ನೊಂದು ದಿಕ್ಕಿನವನು 'ಟೂ' (ಆಗೊಮ್ಮೆ ಈಗೊಮ್ಮೆ ಮಾತ್ರ ತಿಳಿಯುತ್ತೆ) ಅಂತಾನೆ, ಕಂಟ್ರೋಲರ್ ಲಾಗ್‌ಬುಕ್‌ನಲ್ಲಿ ಬರೀತಾರೆ, ನಾವು ಜೀಪು ಹತ್ತಿ ರಿಸೀವರ್ ಸ್ಟೇಷನ್‌ಗೆ ಹೋಗೋ ಹೊತ್ತಿಗೆ ಎಲ್ಲ ಸರಿ. 'ದೋಷ ಕಂಡುಬಂದಿಲ್ಲ' ಅಂತ ಬರೆದು ಸಹಿ ಹಾಕಿ ಬರೋದು. ಮಳೆ ಬಂದಾಗ ಮತ್ತೆ ಅದೇ ರಾಗ. ನಾನಿದ್ದ ಒಂದು ಊರಲ್ಲಿ ಕೊನೆಗೆ ಆಂಟೆನಾ ಕಂಬ ಹತ್ತಿಸಿ ಕೇಬಲ್ ಕನೆಕ್ಟರ್ ಬಿಚ್ಚಿಸಿದೆವು, ಮೇಲೆ ಸುತ್ತಿದ್ದ ಟೇಪು ಬಿಸಿಲಿಗೆ ಸೀಳಿತ್ತು, ಒಳಗೆ ಪಿನ್ ತುಂಬ ಹಸಿರು ಕಿಲುಬು. ನೀರು ಇಳಿದಾಗ ಸಿಗ್ನಲ್ ಕುಡಿಯುತ್ತೆ, ಒಣಗಿದಾಗ ಸುಮ್ನಿರುತ್ತೆ! ಕಂಟ್ರೋಲರ್‌ಗಳು ಮಾತ್ರ ಅಷ್ಟು ದಿನ ಒಂದೇ ಮಾತನ್ನು ಎರಡೆರಡು ಸಲ ಹೇಳಿ ಗಂಟಲು ಹರಿದುಕೊಂಡಿದ್ದರು.

ಸ್ಟ್ಯಾಂಡ್‌ಬೈ ಅಂತ ಪೂರ್ತಿ ನಂಬೋಕೂ ಆಗೋಲ್ಲ ನೋಡಿ. 2004ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸೆಂಟರ್‌ನ (ಎತ್ತರದಲ್ಲಿ ಹಾರೋ ವಿಮಾನಗಳನ್ನು ನೋಡಿಕೊಳ್ಳುವ ಕೇಂದ್ರ) ಇಡೀ ಧ್ವನಿ ವ್ಯವಸ್ಥೆ ನಿಂತುಹೋಯಿತು. ಅದರ ಕಂಪ್ಯೂಟರ್ ಒಳಗಿನ ಮಿಲಿಸೆಕೆಂಡ್ ಲೆಕ್ಕ 49.7 ದಿನಕ್ಕೆ ಮುಗಿದುಹೋಗುತ್ತಿತ್ತು. ಅದಕ್ಕೇ 30 ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡಬೇಕು ಅಂತ ನಿಯಮ, ಆ ಸಲ ಮಾಡಿರಲಿಲ್ಲ. ಬ್ಯಾಕಪ್ ಕೂಡ ಮಲಗಿತು. ಕಂಟ್ರೋಲರ್‌ಗಳು ತಮ್ಮ ಮೊಬೈಲ್‌ನಿಂದ ಬೇರೆ ಸೆಂಟರ್‌ಗಳಿಗೆ ಫೋನ್ ಮಾಡಿದರು. ತಂತಿ, ಆಂಟೆನಾ ಎಲ್ಲ ಸರಿಯಿದ್ದೂ ಹೀಗೆ.

ಪ್ರಶ್ನೆ (ಮತ್ತೆ ಜಕ್ಕೂರಿನಿಂದ): ಅಯ್ಯೋ! ಪೂರ್ತಿ ಹೋದರೆ ಪೈಲಟ್ ಏನು ಮಾಡಬೇಕು?

ಉತ್ತರ: ಗಾಬರಿ ಬೇಡ. ತನ್ನ ರೇಡಿಯೋ ಹೋದರೆ ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರ್‌ಗೆ ವಿಮಾನದ ಗುರುತಿನ ಸಂಖ್ಯೆ ಕಳಿಸೋ ಪೆಟ್ಟಿಗೆ) 7600 ಹಾಕುತ್ತಾನೆ, ರಾಡಾರ್ ಮುಂದೆ ಕೂತವರಿಗೆ ಗೊತ್ತಾಗುತ್ತೆ. ಅವನು ಯಾವ ದಾರಿ ಹಿಡಿಯಬೇಕು ಅಂತ ನಿಯಮ ಇದೆ, ಉಳಿದ ವಿಮಾನಗಳನ್ನು ಆ ದಾರಿಯಿಂದ ಸರಿಸುತ್ತಾರೆ. ಟವರ್‌ನಲ್ಲಿ ಬಣ್ಣದ ದೀಪದ ಗನ್ ಕೂಡ ಇರುತ್ತೆ. ಆಕಾಶದಲ್ಲಿರುವವನಿಗೆ ಸ್ಥಿರವಾದ ಹಸಿರು ತೋರಿಸಿದರೆ ಇಳಿಯಬಹುದು, ಸ್ಥಿರವಾದ ಕೆಂಪು ಅಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು ಅಂತ. ಹಗಲಲ್ಲಿ ರೆಕ್ಕೆ ಅಲ್ಲಾಡಿಸಿ 'ಗೊತ್ತಾಯ್ತು' ಅನ್ನುತ್ತಾನೆ, ರಾತ್ರಿ ಲ್ಯಾಂಡಿಂಗ್ ಲೈಟ್ ಮಿಣುಕಿಸುತ್ತಾನೆ. ಮಗಳಿಗೆ ಆ ಬಣ್ಣಗಳನ್ನು ಈಗಲೇ ಬಾಯಿಪಾಠ ಮಾಡಿಸಿ.