ಬಿಬಿಎಂಪಿ ಐದಾಗಿದೆ, ಆಶ್ರಯ ಕೇಂದ್ರದ ಕಡತ ಈಗ ಯಾರ ಬಳಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಮ್ಮ ಸಂಸ್ಥೆ ಬೆಂಗಳೂರಿನಲ್ಲಿ ವಸತಿರಹಿತರ ಆಶ್ರಯ ಕೇಂದ್ರವನ್ನೂ ಬೌದ್ಧಿಕ ಅಂಗವೈಕಲ್ಯವಿರುವವರ ಹಗಲು ಆರೈಕೆ ಕೇಂದ್ರವನ್ನೂ ನಡೆಸುತ್ತಿದೆ. ಆಶ್ರಯ ಕೇಂದ್ರದ ಕರಾರು ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಹೆಸರಿನಲ್ಲಿದೆ. ಇನ್ನು ಬಿಲ್ ಯಾರಿಗೆ ಕೊಡಬೇಕು? ಬಲ್ಲವರು ತಿಳಿಸಿ.

ಆಶ್ರಯ ಕೇಂದ್ರ ನಡೆಸುವವರೊಬ್ಬರು:

ಗಾಬರಿಯಾಗಬೇಡಿ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ನಗರ ಪಾಲಿಕೆಗಳಾದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಹಳೆಯ ಹೆಸರು ಹೋದ ಮಾತ್ರಕ್ಕೆ ಹೊಣೆ ಹೋಗುವುದಿಲ್ಲ. ನಗರದ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ, ಅದೂ ದಿನದ 24 ಗಂಟೆ ತೆರೆದಿರಬೇಕು ಎಂಬುದು ಸುಪ್ರೀಂ ಕೋರ್ಟ್ ಆದೇಶಗಳಿಂದ ಬಂದ ಮಾನದಂಡ. ಅದು ಐದೂ ಪಾಲಿಕೆಗಳಿಗೆ ಅನ್ವಯಿಸುತ್ತದೆ. ಮಾತುಕತೆಯಲ್ಲಿ ಇದನ್ನು ಬಿಟ್ಟುಕೊಡಬೇಡಿ.

ನಿಜವಾದ ತೊಡಕು ಕಾಗದದ್ದು. ನಮ್ಮ ಕರಾರಿನಲ್ಲಿ ಬಿಬಿಎಂಪಿಗೆ 198 ವಾರ್ಡ್‌ಗಳಿದ್ದ ಕಾಲದ ವಾರ್ಡ್ ಸಂಖ್ಯೆ ಇತ್ತು. ಹೊಸ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಬೇರೆಯೇ ಬಡಾವಣೆ ಸಿಗುತ್ತದೆ. ಆದ್ದರಿಂದ ಕಟ್ಟಡದ ಪೂರ್ಣ ವಿಳಾಸ, ವಿಧಾನಸಭಾ ಕ್ಷೇತ್ರ, ಹೊಸ ವಾರ್ಡ್ ಮೂರನ್ನೂ ಬರೆದು ನಿಮ್ಮ ಪಾಲಿಕೆಯ ಆಯುಕ್ತರಿಗೇ ಒಂದು ಪತ್ರ ಕೊಡಿ. ಕರಾರು, ಕೊನೆಯ ಕಾರ್ಯಾದೇಶ, ಬಾಕಿ ಬಿಲ್ಲುಗಳ ಪಟ್ಟಿ ಜೊತೆಗಿರಲಿ. ಕಡತ ಯಾವ ವಿಭಾಗಕ್ಕೆ ವರ್ಗವಾಗಿದೆ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ. ಬಾಯಿಮಾತಿನ ಭರವಸೆ ಅಧಿಕಾರಿಯ ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ.

ಹಾಜರಿ ಪುಸ್ತಕ ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಸಂಜೆ ಬಂದವರು ಹೆಸರಿನ ಮುಂದೆ ಸಹಿ ಅಥವಾ ಹೆಬ್ಬೆಟ್ಟು ಒತ್ತುತ್ತಾರೆ, ಪುಟದ ಅಡಿಯಲ್ಲಿ ಮೇಲ್ವಿಚಾರಕರ ಸಹಿ. ಬದಲಾವಣೆಯ ತಿಂಗಳಿನಲ್ಲಿ ಸೆಪ್ಟೆಂಬರ್ 1ರವರೆಗಿನದು ಒಂದು ಬಿಲ್, 2ರಿಂದ ಮುಂದಿನದು ಇನ್ನೊಂದು ಬಿಲ್ ಎಂದು ಬೇರ್ಪಡಿಸಿದ್ದರಿಂದ ನಮಗೆ ಲೆಕ್ಕಪತ್ರ ಶಾಖೆಯಲ್ಲಿ ವಾದ ಮಾಡುವ ಪ್ರಸಂಗವೇ ಬರಲಿಲ್ಲ.

ಹಗಲು ಆರೈಕೆ ಕೇಂದ್ರದ ಸಂಯೋಜಕಿ:

ಪಾಲಿಕೆಗೆ ಸಂಬಂಧಿಸಿದ್ದು ಯಾವುದು, ರಾಜ್ಯಕ್ಕೆ ಸಂಬಂಧಿಸಿದ್ದು ಯಾವುದು ಎಂದು ಮೊದಲು ವಿಂಗಡಿಸಿ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ರಾಜ್ಯದ್ದು, ಅದರ ಜಿಲ್ಲಾ ಕಚೇರಿಗೂ ಪಾಲಿಕೆಯ ವಿಭಜನೆಗೂ ಸಂಬಂಧವಿಲ್ಲ. ಪಿಂಚಣಿ ಕಂದಾಯ ಇಲಾಖೆಯದು. ವೃದ್ಧರ ಜೀವನಾಂಶದ ಅರ್ಜಿ, ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಕಲ್ಯಾಣದ 2007ರ ಕಾಯ್ದೆಯಂತೆ, ಉಪವಿಭಾಗಾಧಿಕಾರಿಯ ಮುಂದೆಯೇ.

ಪಾಲಿಕೆಯ ಕಲ್ಯಾಣ ಅನುದಾನದ ವಿಷಯ ಹಾಗಲ್ಲ. ಇನ್ನು ಐದು ಬಜೆಟ್‌ಗಳು. ಪೂರ್ವ ಪಾಲಿಕೆಯಲ್ಲಿ ಕೆ.ಆರ್. ಪುರ, ಮಹದೇವಪುರದಂತಹ ಐಟಿ ಪ್ರದೇಶಗಳಿವೆ. ಎಲ್ಲ ಪಾಲಿಕೆಗಳ ಆದಾಯ ಹಾಗಿರುವುದಿಲ್ಲ. ನನ್ನ ಆತಂಕ ಇದೇ. ನಮ್ಮ ಕೇಂದ್ರ ಒಂದು ಪಾಲಿಕೆಯಲ್ಲಿದ್ದರೆ ಅಲ್ಲಿಗೆ ಬರುವ ಹಲವರ ಮನೆ ಇನ್ನೊಂದರಲ್ಲಿದೆ. ತ್ರಿಚಕ್ರ ವಾಹನದಂತಹ ವೈಯಕ್ತಿಕ ಸೌಲಭ್ಯಕ್ಕೆ ಮನೆಯ ವಿಳಾಸ ನೋಡುತ್ತಾರೆ. ಅದಕ್ಕೆಂದೇ ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಪಾಲಿಕೆ, ವಾರ್ಡ್ ಬರೆದ ಪಟ್ಟಿ ಮಾಡಿದೆವು. ಬಜೆಟ್ ಸಿದ್ಧವಾಗುವ ಮೊದಲೇ ಆ ಪಟ್ಟಿ ಹಿಡಿದು ಎರಡೂ ಕಡೆ ಹೋಗಿ, ಪೋಷಕರನ್ನೂ ಜೊತೆಗೆ ಕರೆದುಕೊಂಡು.

ಇನ್ನೊಬ್ಬರು:

ಬಿಲ್ ಬರುವವರೆಗೆ ಅಡುಗೆಯವರ, ರಾತ್ರಿ ಪಾಳಿಯವರ ಸಂಬಳ ನಿಲ್ಲಿಸಬೇಡಿ. ಅವರು ಬಿಟ್ಟುಹೋದರೆ ಮತ್ತೆ ಸಿಗುವುದಿಲ್ಲ. ಮೂರು ತಿಂಗಳ ಸಂಬಳವನ್ನು ದಾನಿಗಳಿಂದ ಮೊದಲೇ ಕೇಳಿ ಪಡೆಯಿರಿ. ಕಾರಣ ವಿವರಿಸಿ ಹೇಳಿದಾಗ ನಮಗೆ ಯಾರೂ ಇಲ್ಲವೆನ್ನಲಿಲ್ಲ.