ಬಲೆ ಬೀಸುವುದು, ಬಿಡುವುದು, ಒಡ್ಡುವುದು

ಪ್ರಶ್ನೆ: ‘ತಲೆಮರೆಸಿಕೊಂಡ ಆರೋಪಿಗಾಗಿ ಪೊಲೀಸರು ಬಲೆ ಬೀಸಿದ್ದಾರೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಬಲೆ ಒಡ್ಡು, ಬಲೆ ಬಿಡು ಎಂಬ ಮಾತುಗಳೂ ಇವೆ. ಮೂರೂ ಒಂದೆಯೇ? ‘ಬಲೆ’ ಎಲ್ಲಿಂದ ಬಂತು?

ಉತ್ತರ: ‘ಬಲೆ’ ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ವಲೈ, ಮಲಯಾಳ ಮತ್ತು ತೆಲುಗಿನಲ್ಲಿ ವಲ, ತುಳುವಿನಲ್ಲಿ ನಮ್ಮಂತೆಯೇ ಬಲೆ. ಪದದ ಮೊದಲಲ್ಲಿರುವ ವಕಾರ ಕನ್ನಡದಲ್ಲಿ ಬಕಾರವಾಗುತ್ತದೆ: ವಿಲ್–ಬಿಲ್ಲು, ವಾಯ್–ಬಾಯಿ, ವೇಲಿ–ಬೇಲಿ. ‘ಬೀಸು’ ಕೂಡ ತಮಿಳಿನ ‘ವೀಸು’ವಿನ ಜೋಡಿ. ಹಾಗಾಗಿ ನಮ್ಮ ಬೀಸುಬಲೆಯೂ ಮಲಯಾಳದ ವೀಶುವಲವೂ ಅಕ್ಷರಕ್ಕಕ್ಷರ ಹೊಂದುತ್ತವೆ.

ಕ್ರಿಯಾಪದಗಳು ಮಾತ್ರ ಒಂದಲ್ಲ. ಯಾವ ಬಲೆ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ.

ಬೀಸುವುದು ಒಬ್ಬನೇ ಎಸೆಯುವ ದುಂಡನೆಯ ಬಲೆಯನ್ನು. ಅಂಚಿನ ಸುತ್ತ ಸೀಸದ ಗುಂಡುಗಳು, ನಡುವಿನ ತುದಿಗೆ ಹಗ್ಗ. ಹಗ್ಗದ ಇನ್ನೊಂದು ಕೊನೆ ಬೀಸುವವನ ಮುಂಗೈಗೆ. ಮೈ ತಿರುಗಿಸಿ ಬೀಸಿದಾಗ ಬಲೆ ಗಾಳಿಯಲ್ಲೇ ಪೂರ್ತಿ ಬಿಚ್ಚಿಕೊಂಡು ನೀರಿಗೆ ಬೀಳಬೇಕು. ಅರ್ಧ ಬಿಚ್ಚಿದರೆ ಸುತ್ತುವ ಜಾಗ ಅಷ್ಟಕ್ಕಷ್ಟೇ. ನೀರು ತೀರ ಆಳವಿದ್ದರೆ ಗುಂಡುಗಳು ತಳ ಮುಟ್ಟುವ ಮುಂಚೆಯೇ ಅಂಚು ಒಳಸರಿಯುತ್ತದೆ, ಮೀನು ಅಡಿಯಿಂದ ನುಸುಳುತ್ತದೆ. ತಳದಲ್ಲಿ ಕಲ್ಲು ಕೊರಡಿದ್ದರೂ ಅಂಚು ಮೇಲೆದ್ದು ಅದೇ ಗತಿ. ಅವಸರದಿಂದ ಎಳೆಯಲೂಬಾರದು, ಗುಂಡುಗಳು ನೆಲ ಸವರುತ್ತಾ ಒಂದೆಡೆ ಕೂಡಿದ ಮೇಲಷ್ಟೇ ಎತ್ತಬೇಕು.

ಕರಾವಳಿಯ ಕಂತಬಲೆಯನ್ನು ಯಾರೂ ಬೀಸುವುದಿಲ್ಲ, ಬಿಡುತ್ತಾರೆ. ಮೇಲಂಚಿಗೆ ತೇಲುಬೆಂಡು, ಕೆಳಗೆ ಭಾರ. ಅದು ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ. ಮೀನಿನ ತಲೆ ಬಲೆಯ ಕಣ್ಣಿನೊಳಗೆ, ಅಂದರೆ ಹೆಣಿಗೆಯ ತೂತಿನೊಳಗೆ, ತೂರುತ್ತದೆ, ಮೈ ತೂರುವುದಿಲ್ಲ, ಹಿಂದೆ ಸರಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಬಲೆಯ ಕಣ್ಣು ಎಷ್ಟು ದೊಡ್ಡದೋ ಅದಕ್ಕೆ ತಕ್ಕ ಮೀನೇ ಬೀಳುವುದು ಇದರಿಂದಾಗಿ. ಇನ್ನು ರಂಪಣಿ ಎಂಬ ದೊಡ್ಡ ಬಲೆಯನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಾರೆ.

‘ಒಡ್ಡು’ ಎಂದರೆ ಅಡ್ಡ ಹಿಡಿ. ಕಟ್ಟೆಗೂ ಅದೇ ಹೆಸರು. ಹಕ್ಕಿ, ಮಿಗ ಬರುವ ದಾರಿಗೆ ಬೇಟೆಗಾರ ಕಟ್ಟಿ ಕಾಯುವ ಬಲೆಗೆ ಒಪ್ಪುವ ಮಾತು ಇದು.

ಆದ್ದರಿಂದ ಓಡಿಹೋದವನನ್ನು ಹುಡುಕುವ ಸುದ್ದಿಗೆ ‘ಬೀಸು’ ಸರಿಯೇ. ಲಂಚ ತೆಗೆದುಕೊಳ್ಳುವವನನ್ನು ಹೊಂಚಿ ಹಿಡಿಯುವ ಸುದ್ದಿಗೆ ‘ಒಡ್ಡು’ ಎಂದೇ ಬರೆಯಬೇಕು; ಅಲ್ಲಿ ಬಲೆ ಮೊದಲೇ ನಿಂತಿರುತ್ತದೆ, ಬೀಳುವವನು ತಾನಾಗಿ ಬರುತ್ತಾನೆ. ಆಮಿಷ ತೋರಿಸಿ ಸೆಳೆದದ್ದಾದರೆ ಬಲೆಯೂ ಬೇಡ, ‘ಗಾಳ ಹಾಕಿದರು’ ಎಂದರಾಯಿತು.